ಕಣ್ಣಿಗೆ ಕಾಣದ ವೈಕಲ್ಯಕ್ಕೂ ಕಾರ್ಡ್ ಇದೆ

ಪೋಷಕರ ಗುಂಪಿನ ಎಲ್ಲರಿಗೂ ನಮಸ್ಕಾರ.

‘ಕೈಕಾಲು ನೆಟ್ಟಗಿರುವ ಹುಡುಗನಿಗೆ ಅಂಗವಿಕಲರ ಕಾರ್ಡ್ ಯಾಕೆ?’ ಎಂದು ನಿನ್ನೆ ಒಬ್ಬರು ಕೇಳಿದ್ದರು. ಕೇಳಿದ್ದು ತಪ್ಪಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳೇ ವಿಧದ ವೈಕಲ್ಯ. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆ, ಥಲಸ್ಸೀಮಿಯಾ, ಹಿಮೋಫಿಲಿಯಾದಂಥ ರಕ್ತದ ಕಾಯಿಲೆಗಳು, ಪಾರ್ಕಿನ್ಸನ್ ಕಾಯಿಲೆ ಎಲ್ಲವೂ ಈಗ ಅದರೊಳಗಿವೆ.

ನನ್ನ ಅಕ್ಕನ ಮಗ ಪಾಠವನ್ನು ಬಾಯಲ್ಲಿ ಗಡಗಡ ಹೇಳುತ್ತಾನೆ. ಬರೆಯಲು ಕುಳಿತರೆ ಒತ್ತಕ್ಷರವೆಲ್ಲ ಮಾಯ; ‘ಅಮ್ಮ’ ‘ಅಮ’ ಆಗುತ್ತದೆ. ಅದು ಕಲಿಕಾ ನ್ಯೂನತೆ ಎಂದು ತಿಳಿಯದೆ ನಾಲ್ಕು ವರ್ಷ ಅವನನ್ನು ಸೋಮಾರಿ ಎಂದು ಬೈದೆವು, ನಾನೂ ಸೇರಿ.

ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್‌ಗೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಸ್ಪತ್ರೆಯಲ್ಲಿ ತಪಾಸಣೆ ಮಾಡಿ ವೈಕಲ್ಯದ ಪ್ರಮಾಣ ಬರೆಯುತ್ತಾರೆ. ಶೇ 40 ಅಥವಾ ಹೆಚ್ಚಿದ್ದರೆ ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ 4, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಮೀಸಲಾತಿ ಅನ್ವಯಿಸುತ್ತದೆ. ಊರಿನಲ್ಲಿರುವವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಮಾತು, ಶ್ರವಣದ ತೊಂದರೆಯಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ.

ಮಕ್ಕಳ ವೈದ್ಯಕೀಯ ವರದಿಗಳ ಫೋಟೊವನ್ನು ದಯವಿಟ್ಟು ಗುಂಪಿಗೆ ಹಾಕಬೇಡಿ. ಅರ್ಜಿ ತುಂಬಲು ಗೊತ್ತಾಗದಿದ್ದರೆ ನನಗೆ ಪ್ರತ್ಯೇಕವಾಗಿ ಬರೆಯಿರಿ. ಸಂಜೆ ಏಳರ ಮೇಲೆ ಬಿಡುವಾಗಿರುತ್ತೇನೆ.