ಗುರುವಾರದ ಸಾರ್ವಜನಿಕ ಆಲಿಕೆ ಸಭೆ: ಎಲ್ಲರೂ ಬನ್ನಿ

ಎಲ್ಲರಿಗೂ ನಮಸ್ಕಾರ.

ನಮ್ಮ ಗುಡ್ಡದ ಕಬ್ಬಿಣದ ಅದಿರು ಗಣಿ ವಿಸ್ತರಣೆ ಕುರಿತ ಪರಿಸರ ಸಾರ್ವಜನಿಕ ಆಲಿಕೆ ಸಭೆ ಇದೇ ಗುರುವಾರ ಬೆಳಿಗ್ಗೆ 11ಕ್ಕೆ ಶಾಲೆ ಮೈದಾನದಲ್ಲಿದೆ. ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಹೊಲದವರು, ಹಳ್ಳದ ನೀರು ನಂಬಿದವರು, ಗಣಿಯಲ್ಲಿ ದುಡಿಯುವವರು ಎಲ್ಲರೂ ಬರಬೇಕು.

ಬರುವ ಮುಂಚೆ ಪರಿಸರ ವರದಿಯ ಕನ್ನಡ ಸಾರಾಂಶ ಓದಿ. ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ನೋಡಲು ಸಿಗುತ್ತದೆ. ಧೂಳು, ಬೋರ್‌ವೆಲ್, ಬೆಳೆ ಹಾನಿ ಏನೇ ಇರಲಿ, ಸರ್ವೆ ನಂಬರ್ ಸಮೇತ ಬರೆದು, ಎರಡು ಪ್ರತಿ ತನ್ನಿ. ಒಂದನ್ನು ಕೊಟ್ಟು ಇನ್ನೊಂದಕ್ಕೆ ಸ್ವೀಕೃತಿ ಹಾಕಿಸಿಕೊಳ್ಳಿ. ಈ ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಲೇಬೇಕೆಂಬ ನಿಯಮ, ಇಲ್ಲ. ಹತ್ತೇ ಜನ ಬಂದರೂ ನಡೆದುಬಿಡುತ್ತದೆ, ಆಮೇಲೆ ಊರಿನ ಅಭಿಪ್ರಾಯ ಕೇಳಿದ್ದೇವೆ ಅಂತ ದಾಖಲಾಗುತ್ತದೆ. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು ಎಂಬುದು ಇಂಥ ಆಲಿಕೆಗೆ ನಿಯಮ ಹಾಕಿದ ಕೇಂದ್ರ ಸರ್ಕಾರದ 2006ರ ಪರಿಸರ ಅಧಿಸೂಚನೆಯಲ್ಲೇ ಇದೆ. ಅಲ್ಲಿವರೆಗೂ ಯಾರೂ ಎದ್ದು ಹೋಗಬೇಡಿ.

ಇನ್ನೊಂದು ಮಾತು. ಲಾರಿ ಇಟ್ಟವರನ್ನು "ಗಣಿ ಕಡೆಯವರು" ಎಂದು ಗುಂಪಿನಲ್ಲಿ ಹೀಯಾಳಿಸುವುದು ದಯವಿಟ್ಟು ನಿಲ್ಲಲಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಕಂತು ಕಟ್ಟಲಾಗದೆ ಒದ್ದಾಡಿದ ಮನೆಗಳು ನಮ್ಮವೇ. ಅದಕ್ಕೂ ಮುಂಚೆ ಅಕ್ರಮ ಗಣಿಯ ಕೆಂಪು ಧೂಳು ತಿಂದ ಹೊಲಗಳೂ ನಮ್ಮವೇ. ಗಣಿಯಿಂದ ತೊಂದರೆಯಾದ ಊರುಗಳಿಗಾಗಿ ಗಣಿಯವರು ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ನಮ್ಮೂರಿಗೆ ಎಷ್ಟು ಬಂತು ಎಂದು ಲಾರಿಯವರು, ಹೊಲದವರು ಇಬ್ಬರೂ ಸೇರಿ ಕೇಳೋಣ.

ಬರುವವರು ಮಂಗಳವಾರ ಸಂಜೆಯೊಳಗೆ ಹೆಸರು ಹಾಕಿ. ಅರ್ಜಿ ಬರೆಯಲು ಸಹಾಯ ಬೇಕಾದ ಹಿರಿಯರು ಬುಧವಾರ ಸಂಜೆ ಪಂಚಾಯಿತಿ ಕಟ್ಟೆಗೆ ಬನ್ನಿ, ಬರೆದು ಕೊಡುತ್ತೇವೆ.