ಸೋಮವಾರದಿಂದ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ. ತೂಕ ಇಳಿಸುವ ನಮ್ಮ ಕಡಿಮೆ ಕಾರ್ಬ್ (ಅಂದರೆ ಪಿಷ್ಟ, ಸಕ್ಕರೆ) ಊಟದ ಎರಡನೇ ಹಂತ ಇದು. ಎರಡು ವಾರ ದಿನಕ್ಕೆ 20 ಗ್ರಾಂ ಕಾರ್ಬ್‌ನಲ್ಲಿ (ನಾರು ಕಳೆದ ಲೆಕ್ಕ) ಇದ್ದವರು ಸೋಮವಾರದಿಂದ 25ಕ್ಕೆ ಬರಬಹುದು. ಮುಂದಿನ ವಾರ 30. ವಾರಕ್ಕೆ 5 ಗ್ರಾಂ ಮಾತ್ರ.

ಮೊದಲು ಬಾದಾಮಿ: 25 ಗ್ರಾಂನಲ್ಲಿ ಸುಮಾರು 2.5 ಗ್ರಾಂ ಕಾರ್ಬ್. ತೂಗಿ ತಿನ್ನಿ, ಕೆಡುವುದೇ ಹಿಡಿ ಲೆಕ್ಕದಲ್ಲಿ. ಆಮೇಲೆ ಸೀಬೆ, 50 ಗ್ರಾಂಗೆ ಸುಮಾರು 5. ವಾರಕ್ಕೆ ಒಂದೇ ಹೊಸ ಪದಾರ್ಥ. ಎರಡು ಸೇರಿಸಿದರೆ ತೂಕ ಇಳಿಯುವುದು ಯಾವುದರಿಂದ ನಿಂತಿತೆಂದು ತಿಳಿಯದು. ವಾರದ ಸರಾಸರಿ ತೂಕ ಏರಿದರೆ ಹಿಂದಿನ ಕಾರ್ಬ್ ಮಟ್ಟಕ್ಕೆ ಇಳಿಯಿರಿ.

ಪಂದಿ ಕರಿ (ಹಂದಿ ಮಾಂಸದ ಸಾರು) ಇರಲಿ, ಜೊತೆಗಿನ ಕಡಂಬುಟ್ಟು (ಅಕ್ಕಿತರಿಯ ಕಡುಬು) ಬೇಡ. 30 ಗ್ರಾಂ ಅಕ್ಕಿತರಿಯಲ್ಲೇ 23 ಗ್ರಾಂ ಮುಗಿಯಿತು!

ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇರುವವರು ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ನಿಮ್ಮ ತೂಕ, ಸೇರಿಸುವ ಪದಾರ್ಥ ಎರಡನ್ನೂ ಭಾನುವಾರ ಸಂಜೆಯೊಳಗೆ ಇಲ್ಲಿ ಹಾಕಿ.