ವೋಟು ಕೇಳುವ ಕರೆಗೂ ಒಪ್ಪಿಗೆ ಬೇಡವೇ? ಮೈಸೂರು–ಕೊಡಗು ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಾನು ಶಿವರಾಂಪೇಟೆಯ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ದಸರಾ ಬಂತೆಂದರೆ ಹಳೇ ಗಿರಾಕಿಗಳಿಗೆ ಡಿಸ್ಕೌಂಟ್ ಮೆಸೇಜ್ ಕಳಿಸುವ ಕೆಲಸವೂ ನನ್ನದೇ. ಅದು ಸುಮ್ನೆ ಆಗುವುದಿಲ್ಲ. ವ್ಯಾಪಾರದ ಮೆಸೇಜ್ ಕಳಿಸುವವರು ಹೆಸರು ಬರೆಸಬೇಕಾದ ಡಿಎಲ್‌ಟಿ ಪೋರ್ಟಲ್‌ನಲ್ಲಿ ಅಂಗಡಿಯನ್ನು ನೋಂದಾಯಿಸಬೇಕು, ಹೆಡರ್ (ಮೆಸೇಜಿನಲ್ಲಿ ಕಾಣುವ ಕಳಿಸಿದವರ ಗುರುತು) ತಗೋಬೇಕು, ಮೆಸೇಜಿನ ಟೆಂಪ್ಲೇಟ್‌ಗೂ ಮೊದಲೇ ಒಪ್ಪಿಗೆ ಪಡೆಯಬೇಕು. ಡಿಎನ್‌ಡಿಗೆ, ಅಂದರೆ ಪ್ರಚಾರದ ಕರೆ-ಮೆಸೇಜ್ ಬೇಡ ಅನ್ನುವವರ ಪಟ್ಟಿಗೆ, ನಂಬರ್ ಹಾಕಿಸಿದವರಿಗೆ, ಅವರ ಒಪ್ಪಿಗೆ ಇಲ್ಲದೆ ಕಳಿಸುವಂತಿಲ್ಲ. ಇದರ ಬಗ್ಗೆ ನನ್ನ ತಕರಾರಿಲ್ಲ. ಸೀರೆ ಮಾರುವವರು ಕೇಳಿಯೇ ಬರಬೇಕು.

ವೋಟು ಕೇಳುವವರು ಮಾತ್ರ ಕೇಳದೆಯೇ ಬರಬಹುದಾ?

2024ರ ಏಪ್ರಿಲ್ 26ರಂದು ನಮ್ಮಲ್ಲಿ ಲೋಕಸಭೆಗೆ ಮತದಾನ ನಡೆಯಿತು. ಅದಕ್ಕೂ ಮೊದಲಿನ ವಾರಗಳಲ್ಲಿ ನಮ್ಮಮ್ಮನ ಫೋನಿಗೆ ರೆಕಾರ್ಡ್ ಮಾಡಿದ ಕರೆಗಳು ಬರುತ್ತಲೇ ಇದ್ದವು. ಒಂದು ಮಧ್ಯಾಹ್ನ ಒಬ್ಬ ಹುಡುಗನೇ ಮಾತಾಡಿದ. ಅಮ್ಮನ ಪೂರ್ತಿ ಹೆಸರು ಹೇಳಿದ. ಮತಗಟ್ಟೆ ಯಾವ ಶಾಲೆಯಲ್ಲಿದೆ ಅಂತಲೂ ಹೇಳಿದ. ನಾನು ಫೋನ್ ಇಸ್ಕೊಂಡು, “ಈ ನಂಬರ್ ಎಲ್ಲಿ ಸಿಕ್ತಪ್ಪಾ?” ಎಂದೆ. “ಲಿಸ್ಟ್ ಕೊಟ್ಟಿದ್ದಾರೆ ಮೇಡಂ” ಎಂದ. ಯಾರು ಕೊಟ್ಟರು ಅಂತ ಕೇಳುವಷ್ಟರಲ್ಲಿ ಕರೆ ಕಟ್ಟಾಯಿತು. ಪ್ರಕಟವಾಗುವ ಮತದಾರರ ಪಟ್ಟಿಯಲ್ಲಿ ಹೆಸರು, ವಯಸ್ಸು, ಮನೆ ನಂಬರ್ ಇರುತ್ತದೆ. ಫೋನ್ ನಂಬರ್ ಇರುವುದಿಲ್ಲ. ಅಮ್ಮ ಅದನ್ನು ಕೊಟ್ಟಿರುವುದು ನೆಂಟರಿಗೆ, ಗ್ಯಾಸ್‌ಗೆ, ಬ್ಯಾಂಕಿಗೆ, ಒಂದೆರಡು ಅರ್ಜಿಗಳಿಗೆ ಅಷ್ಟೇ. ಪಕ್ಷದ ಹೆಸರು ಬರೆಯುವುದಿಲ್ಲ. ಇಂಥ ಕರೆಗಳು ಒಂದೇ ಕಡೆಯಿಂದ ಬಂದಿಲ್ಲ.

2023ರ ದೂರಸಂಪರ್ಕ ಕಾಯ್ದೆಯ 28ನೇ ಸೆಕ್ಷನ್ ಒಮ್ಮೆ ಓದಿ ನೋಡಿ. ಕೆಲವು ಬಗೆಯ ಸಂದೇಶಗಳಿಗೆ ಜನರ ಒಪ್ಪಿಗೆ ಮೊದಲೇ ಬೇಕು ಎಂದು ನಿಯಮ ಮಾಡುವ ಅಧಿಕಾರವನ್ನು ಅದು ಕೇಂದ್ರಕ್ಕೆ ಕೊಡುತ್ತದೆ. ಯಾವ ಸಂದೇಶಗಳು? ಸರಕು, ಸೇವೆ, ಆಸ್ತಿ, ವ್ಯಾಪಾರ, ಉದ್ಯೋಗ, ಹೂಡಿಕೆ ಇವುಗಳ ಪ್ರಚಾರದ್ದು. ವೋಟಿನ ಮಾತೇ ಇಲ್ಲ. ಬರೆದವರಿಗೆ ನೆನಪಾಗಲಿಲ್ಲ ಎಂದು ನಂಬುವುದು ನನಗೆ ಕಷ್ಟ. ಅಮೆರಿಕದಲ್ಲೂ 2003ರಲ್ಲಿ ಬೇಡದ ಕರೆಗಳನ್ನು ತಡೆಯುವ ಪಟ್ಟಿ ಶುರುವಾದಾಗ ರಾಜಕೀಯ ಕರೆಗಳು ಅದರ ಹೊರಗೇ ಉಳಿದವು. ಅಲ್ಲೂ ಹಾಗೇ ಇದೆ ಅನ್ನುವುದು ಉತ್ತರ ಆಗಲ್ಲ.

ಚುನಾವಣೆ ಸಮಯದಲ್ಲಿ ಬಲ್ಕ್ ಮೆಸೇಜ್, ವಾಯ್ಸ್ ಮೆಸೇಜ್‌ಗಳಿಗೆ ಚುನಾವಣಾ ಜಾಹೀರಾತುಗಳನ್ನು ಮೊದಲೇ ಪರಿಶೀಲಿಸುವ ಎಂಸಿಎಂಸಿ ಸಮಿತಿಯ ಒಪ್ಪಿಗೆ ಬೇಕು, ನಿಜ. ಆದರೆ ಆ ಸಮಿತಿ ನೋಡುವುದು ಸಂದೇಶದಲ್ಲಿ ಏನಿದೆ ಎಂಬುದನ್ನು. ಅದು ಹೋಗುವ ಫೋನಿನವರು ಒಪ್ಪಿದ್ದಾರಾ ಅಂತ ಯಾರೂ ಕೇಳುವುದಿಲ್ಲ.

2023ರಲ್ಲೇ, ಹೆಸರು, ಫೋನ್ ನಂಬರಿನಂಥ ನಮ್ಮ ಮಾಹಿತಿಯನ್ನು ಕಾಯುವ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ತಪ್ಪು ಮಾಡಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ 17ನೇ ಸೆಕ್ಷನ್ ಪ್ರಕಾರ ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣಕ್ಕೆ ಸರ್ಕಾರ ತನ್ನದೇ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಡಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದರು. ಆ ಕೇಸು ಹಾಕಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕನ್ನಡಿಗರೊಬ್ಬರು ಇಳಿವಯಸ್ಸಿನಲ್ಲಿ ಹೋರಾಡಿ ಗೆದ್ದ ಹಕ್ಕು ಇದು. ಸರ್ಕಾರದ ಎದುರೂ ಅದು ನಿಲ್ಲಬೇಕು.

ಈ ಕಾಯ್ದೆಗಳು ಬಂದಾಗ ನೀವು ಸಂಸತ್ತಿನಲ್ಲಿ ಇರಲಿಲ್ಲ. ಈಗ ಇದ್ದೀರಿ. 28ನೇ ಸೆಕ್ಷನ್ನಿಗೆ ವೋಟು ಕೇಳುವ ಸಂದೇಶಗಳನ್ನೂ ಸೇರಿಸಿ ಎಂದು ಖಾಸಗಿ ಮಸೂದೆ ತನ್ನಿ. ಅದು ಪಾಸಾಗುವುದು ಕಷ್ಟ ಅಂತ ಗೊತ್ತು, ಆದರೂ ತನ್ನಿ. ಸದನದಲ್ಲಿ ಯಾರು ಏನು ಹೇಳುತ್ತಾರೆ ಎಂಬುದಾದರೂ ದಾಖಲಾಗಲಿ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಇರುವ ಕೆಲಸ ಒಂದಿದೆ. ಮುಂದಿನ ಚುನಾವಣೆಗೆ ಮೊದಲು, ನಿಮ್ಮ ಪರವಾಗಿ ಕರೆ ಮಾಡುವವರ ಬಳಿ ಇರುವ ನಂಬರ್‌ಗಳು ಎಲ್ಲಿಂದ ಬಂದವು ಎಂದು ಬಹಿರಂಗವಾಗಿ ತಿಳಿಸಿ. ಬೇಡ ಅಂದವರ ನಂಬರ್ ತೆಗೆದುಹಾಕಲು ಕಚೇರಿಯಲ್ಲಿ ಒಬ್ಬರನ್ನು ನೇಮಿಸಿ.

ಇಂತಿ,
ಮೈಸೂರಿನ ಒಬ್ಬ ಮತದಾರಳು